ಎಡಗೈಗೊಂದು ರೀಲು

ನಮ್ಮ ಮನೆಯ ಎದುರಿಗೆ ಹೊಸದಾಗಿ ಒಬ್ಬ ದರ್ಜಿ ಬಂದಿದ್ದಾನೆ. ಬೆಳಗ್ಗೆ ಅಂಗಡಿಯ ಕದ ತೆಗೆದವನೇ ಮೊದಲು ಹೊಲಿಗೆ ಮಶೀನಿಗೆ ಎಣ್ಣೆ ಬಿಡುತ್ತಾನೆ. ಆ ವಾಸನೆ ರಸ್ತೆ ದಾಟಿ ಬಂದು ನಾನು ಓದುತ್ತಿರುವ ಪೇಪರಿನ ಮೇಲೆ ಕೂರುತ್ತದೆ. ಬೇರೆಯವರಿಗಾದರೆ ಹಬ್ಬದ ಹೊಸ ಅಂಗಿಯೋ ಲಗ್ನದ ಕುಪ್ಪಸವೋ ನೆನಪಾದೀತು. ನನಗೆ ಮೀನು ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಾಜಾ ಭಾಯಿಯ ಅಂಗಡಿ ಇದೆ. ಹಗ್ಗ, ತಾಡಪತ್ರಿ, ಬಲೆ, ಗಾಳ ಎಲ್ಲ ಸಿಗುತ್ತವೆ. ಅವತ್ತು ಮಧ್ಯಾಹ್ನ ಅಲ್ಲಿ ನಾಲ್ಕು ಜನ ಇದ್ದೆವು. ಗಲ್ಲೆಯ ಆಚೆ ಖಾಜಾ ಭಾಯಿ. ಈಚೆ ಸ್ಟೂಲಿನ ಮೇಲೆ ಬಸವಕಲ್ಯಾಣದ ಗೌತಮ ಮಾಸ್ತರರು. ಚಿತ್ರಕಲೆ ಕಲಿಸಿ ನಿವೃತ್ತರಾದವರು, ಎಡಗೈಯನ್ನು ಶಾಲಿನೊಳಗೆ ಅಡಗಿಸಿಕೊಂಡು ಕೂತಿದ್ದರು. ಅವರ ಪಕ್ಕ ಹೆಂಡತಿ ಶಾಂತಾಬಾಯಿ, ನಲವತ್ತು ವರ್ಷದಿಂದ ತಮ್ಮ ಓಣಿಯ ಹೆಣ್ಣುಮಕ್ಕಳ ಕುಪ್ಪಸ ಹೊಲಿದವರು. ನಾಲ್ಕನೆಯವನು ನಾನು: ಹಣೆಗೆ ಈಬತ್ತಿ ಹಚ್ಚುವ ಮನೆಯವನು, ಹುಟ್ಟಿದಾಗಿನಿಂದ ಮೀನು ಬಾಯಿಗೆ ಇಟ್ಟವನಲ್ಲ, ಆದರೆ ಮೀನಿನ ವಿಷಯ ಬಂದರೆ ಎಲ್ಲರಿಗಿಂತ ಹೆಚ್ಚು ಮಾತಾಡುವವನು. ನಮ್ಮ ನಡುವೆ ಗಲ್ಲೆಯ ಮೇಲೆ ಗಾಳದ ದಾರ ಸುತ್ತುವ ಮೂರು ರೀಲುಗಳು.

ಮಾಸ್ತರರು ನನಗೆ ಗಂಟುಬಿದ್ದದ್ದೂ ಮೀನಿನಿಂದಲೇ. ನನ್ನದು ಹುಮನಾಬಾದಿನಲ್ಲಿ ಅರಿವೆ ಅಂಗಡಿ. ಶಾಂತಾಬಾಯಿ ಅಸ್ತರಿನ ಬಟ್ಟೆ ಕೊಳ್ಳಲು ಬಂದಾಗ ಇವರು ಚೀಲ ಹಿಡಿದುಕೊಂಡು ಹಿಂದೆ ನಿಲ್ಲುತ್ತಿದ್ದರು. ಒಂದು ದಿನ ನನ್ನ ಕಿವಿಯ ಹತ್ತಿರ ಬಾಗಿ, "ದೋಸ್ತ, ರವಿವಾರ ಮೋರಖಂಡಿ ಕಡಿ ಬಾ. ಕೆರಿ ದಂಡಿಗಿ ಜಿಲೇಬಿ ಮಸ್ತ್ ಸಿಗತಾವ" ಎಂದರು. ಸಿಹಿ ಎಂದರೆ ಪ್ರಾಣ ಬಿಡುವ ನಾನು ಮುಂಜಾನೆ ನಾಷ್ಟಾ ಸಹ ಮಾಡದೆ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಕಡಾಯಿಯೂ ಇಲ್ಲ, ಪಾಕವೂ ಇಲ್ಲ. ಬಕೆಟ್ಟಿನಲ್ಲಿ ಅಂಗೈ ಅಗಲದ ಎರಡು ಮೀನು ಬಾಲ ಬಡಿಯುತ್ತಿದ್ದವು. "ಈ ಮೀನಿನ ಹೆಸರೇ ಜಿಲೇಬಿ, ನೋಡಪಾ" ಎಂದು ಮಾಸ್ತರರು ನಕ್ಕ ನಗುವಿಗೆ ಕೆರೆಯ ಕೊಕ್ಕರೆಗಳೆಲ್ಲ ಹಾರಿಹೋದವು. ಹಸಿದ ಹೊಟ್ಟೆಯಲ್ಲಿ ಸಿಟ್ಟು ಮಾಡಿಕೊಳ್ಳಲೂ ತ್ರಾಣ ಬೇಕಲ್ಲ, ನಾನೂ ನಕ್ಕುಬಿಟ್ಟೆ. ಅಲ್ಲಿಂದ ಪ್ರತಿ ರವಿವಾರ ಅವರು ಮೀನು ಹಿಡಿಯುವುದು, ನಾನು ಮನೆಯಿಂದ ತಂದ ಶೇಂಗಾ ತಿನ್ನುತ್ತ ಸಲಹೆ ಕೊಡುವುದು.

ಆಮೇಲೆ ಪುಣೆಯಲ್ಲಿರುವ ಅವರ ಹಳೆಯ ಶಿಷ್ಯನೊಬ್ಬ ತಾನು ಬಳಸಿ ಬಿಟ್ಟ ಒಂದು ಗಾಳದ ಕೋಲು ತಂದುಕೊಟ್ಟ. ಚಾಟಿಯ ಹಾಗೆ ಬಳುಕುವ ಕೋಲು. ಈ ಗಾಳಕ್ಕೆ ಎರೆಹುಳವೂ ಬೇಡ, ಹಿಟ್ಟಿನ ಉಂಡೆಯೂ ಬೇಡ. ಹುಂಜದ ಪುಕ್ಕವನ್ನು ದಾರದಿಂದ ಕೊಕ್ಕೆಗೆ ಸುತ್ತಿ ನೊಣದ ಹಾಗೆ ಮಾಡಿ ನೀರಿನ ಮೇಲೆ ಇಳಿಸಬೇಕು. ಮೀನು ನಿಜದ ನೊಣವೆಂದು ನಂಬಿ ಬರಬೇಕು. ಪುಕ್ಕಕ್ಕೆ ಭಾರವಿಲ್ಲದ್ದರಿಂದ ದಪ್ಪ ದಾರವನ್ನೇ ಗಾಳಿಯಲ್ಲಿ ಬೀಸಿ ಬೀಸಿ ಒಗೆಯಬೇಕು. ಮಾಸ್ತರರು ಹೆಂಡತಿಯ ದಾರ ಕದ್ದು ಎಂಥೆಂಥ ನೊಣ ಕಟ್ಟಿದರೆಂದರೆ, ಒಂದನ್ನು ನಾನೇ ಮೂಗಿನ ಮೇಲಿಂದ ಓಡಿಸಲು ಕೈ ಬೀಸಿ ಕೊಕ್ಕೆ ಚುಚ್ಚಿಸಿಕೊಂಡಿದ್ದೇನೆ. ಎಲ್ಲ ಇತ್ತು, ಕೋಲಿಗೆ ರೀಲು ಒಂದು ಇರಲಿಲ್ಲ. ದಾರವನ್ನು ಕಾಲ ಹತ್ತಿರ ಸಿಂಬೆ ಸುತ್ತಿ ಇಟ್ಟುಕೊಂಡು ಒಗೆಯುತ್ತಿದ್ದರು. ಅದು ಒಮ್ಮೆ ಜಾಲಿ ಗಿಡಕ್ಕೆ, ಒಮ್ಮೆ ನನ್ನ ಧೋತರಕ್ಕೆ ಸಿಕ್ಕಿಕೊಳ್ಳುತ್ತಿತ್ತು.

ಹೀಗೆ ನಡೆದಿರುವಾಗ ಮಾಸ್ತರರಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಕಾಲೂ ಬಂತು, ಮಾತೂ ಬಂತು. ಎಡಗೈ ಬೆರಳು ಮಾತ್ರ ಮಡಚಲಿಲ್ಲ. ಡಾಕ್ಟರು ಒಂದು ಹಳದಿ ರಬ್ಬರ್ ಚೆಂಡು ಕೊಟ್ಟು ದಿನಾ ಹಿಚುಕಿರಿ, ಬಿಟ್ಟರೆ ಕೈ ಹಾಗೇ ಮರಗಟ್ಟುತ್ತದೆ ಎಂದರು. ಮಾಸ್ತರರು ಎರಡು ದಿನ ಹಿಚುಕಿ, "ನಾ ಏನ್ ತೊಟ್ಟಲ ಕೂಸೇನು?" ಎಂದು ಚೆಂಡನ್ನು ನಾಗಂದಿಗೆಯ ಮೇಲೆ ಎಸೆದರು. ಅಷ್ಟು ನಗುವ ಮನುಷ್ಯ ಕದದ ಕಡೆ ಬೆನ್ನು ಮಾಡಿ ಕೂರಲು ಶುರುಮಾಡಿದರು. ಒಂದು ದಿನ ಶಾಂತಾಬಾಯಿ ನನ್ನ ಅಂಗಡಿಗೆ ಒಬ್ಬರೇ ಬಂದರು. ಬಟ್ಟೆ ಕೇಳಲಿಲ್ಲ.

"ಅಣ್ಣಾರ, ಆ ಗಾಳಕ್ಕ ಒಂದು ರೀಲ್ ಹುಡುಕ್ರಿ. ಚೆಂಡು ಒಲ್ಲೆ ಅಂದ್ರ ಬ್ಯಾಡ, ಗಾಳರ ತಿರುವಲಿ. ಬಲಗೈಲೆ ಒಗೀತಾರ, ಎಡಗೈಲೆ ಸುತ್ತಬೇಕಂತ. ಹಿಂಗರ ಬೆರಳು ಆಡಲಿ. ಆದ್ರ ಒಂದ್ ಮಾತು ನೋಡ್ರಿ. ಅದು ಬಿರುಸು ಇತ್ತಂದ್ರ ಒಂದ್ ಸಲ ಮುಟ್ಟಿ ಬಿಡತಾರ, ಮತ್ತ ಜನ್ಮದಾಗ ಮುಟ್ಟಂಗಿಲ್ಲ. ನನಗ ಗೊತ್ತದ ಅವರ ಸ್ವಭಾವ."

ನಾನು ಹೊರಟೆ ಬೇಟೆಗೆ. ದೊಡ್ಡ ಅಂಗಡಿಯೊಂದರಲ್ಲಿ "ರೀಲ್ ಅದಾವೇನ್ರಿ?" ಎಂದರೆ ಬಿಳಿ ದಾರದ ಉಂಡೆ ಕೊಟ್ಟರು. "ಇದಲ್ರಿ, ನೊಣದ್ದು" ಎಂದೆ. ಅಂಗಡಿಯವನು ಒಳಗೆ ಹೋಗಿ ನೊಣ ಅಂಟಿಕೊಳ್ಳುವ ಗೋಂದಿನ ಕಾಗದದ ಸುರುಳಿ ತಂದ. "ಎಳದು ತೂಗಹಾಕ್ರಿ ಸಾವಕಾರ್ರ, ಒಂದ್ ನೊಣಾ ಉಳಿಯಂಗಿಲ್ಲ!" ನಾಚಿಕೆಗೆ ಅದನ್ನೂ ಕೊಂಡೆ. ಮನೆಯಲ್ಲಿ ಮಾತ್ರ ನನಗೆ ಅಷ್ಟು ಶಾಭಾಸ್ ಯಾವತ್ತೂ ಸಿಕ್ಕಿರಲಿಲ್ಲ. ಕೊನೆಗೆ ಖಾಜಾ ಭಾಯಿಗೆ ಹೇಳಿದೆ. ಅವರು ಹೈದರಾಬಾದಿನಿಂದ ಮಾಲು ತರಿಸುವಾಗ, ಬೇಡಾದರೆ ವಾಪಸ್ ಎಂಬ ಮಾತಿನ ಮೇಲೆ ಮೂರು ರೀಲು ತರಿಸಿದರು. ಹಾಗೆ ನಾವು ನಾಲ್ಕು ಜನ ಅಲ್ಲಿ ಸೇರಿದ್ದು.

ಮೊದಲನೆಯದು ಕರಿ ಪ್ಲಾಸ್ಟಿಕ್ಕಿನದು, ತೀರಾ ಅಗ್ಗ. ಎರಡನೆಯದು ಬಂಗಾರದ ಬಣ್ಣದ್ದು, ಕೈಗೆ ಭಾರ. ಮೂರನೆಯದು ಬೂದಿ ಬಣ್ಣದ್ದು, ಮೈತುಂಬ ತೂತು; ಬಡವರ ಮನೆಯ ಜರಡಿಯ ಹಾಗೆ ಕಾಣುತ್ತಿತ್ತು. ನನ್ನ ಕಣ್ಣು ಬಂಗಾರದ್ದರ ಮೇಲೆ.

"ಇದೇ ತಗೋರಿ ಮಾಸ್ತರ" ಎಂದರು ಖಾಜಾ ಭಾಯಿ. "ಹಿಡದ್ರ ಕೈಗಿ ವಜ್ಜಾ ಬರಬೇಕು. ಮಾಲ್ ಅಂದ್ರ ಹಂಗ ಇರಬೇಕು."

"ಮೀನ ಹಿಡೀಲಿಕ್ಕ ಹೊಂಟೀನಿ ಭಾಯಿ, ಬೀಗರ ಮನಿಗಿ ಅಲ್ಲ" ಎಂದರು ಮಾಸ್ತರರು, ಗೋಡೆಯ ಕಡೆ ನೋಡುತ್ತ. "ನಮ್ಮ ಕೆರಿ ಮೀನಿಗಿ ಅಂಥಾದ್ಯಾಕ? ಈ ಗಾಳದಾಗ ರೀಲ್ ಒಗಿಯಂಗಿಲ್ಲ, ದಾರ ಹಿಡಕೊಂಡ್ ಕೂಡತದ, ಅಷ್ಟ. ರೀಲಿಗಿ ರೊಕ್ಕ ಕಡಿಮಿ ಹಾಕಬೇಕು, ದಾರಕ್ಕ ಹೆಚ್ಚ ಹಾಕಬೇಕು. ಅಲ್ಲ, ನನಗ ಯಾವುದೂ ಬ್ಯಾಡ ಬಿಡ್ರಿ. ಸುಮ್ಮ ನೋಡಾಕ ಬಂದೀನಿ."

ನಾನು ಸುಮ್ಮನಿರಬೇಕೋ ಬೇಡವೋ? "ಹೊಳಪು ನೋಡ್ರಿ ವೈನಿ! ಇಂಥಾದು ಇಡೀ ಜಿಲ್ಲಾದಾಗ ಇಲ್ಲ" ಎಂದೆ.

ಶಾಂತಾಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಣ್ಣಾರ, ನೀವು ಇಡೀ ಜಿಲ್ಲಾ ಯಾವಾಗ ತಿರುಗಿ ಬಂದ್ರಿ? ರೀಲ್ ತಗೊಳ್ಳಾಕ ಬಂದೀವಿ, ನೀವು ರೀಲ್ ಬಿಡಾಕತ್ತೀರಲ್ಲ! ಅರಿವಿ ಮಾರೋವ್ರು ನೀವು, ಹೊಳಪು ನಿಮಗಿರಲಿ. ದಾರ ನನಗ ಬಿಡ್ರಿ."

ಖಾಜಾ ಭಾಯಿ ಮೂರಕ್ಕೂ ಒಂದೊಂದು ಮಾರು ದಾರ ಸುತ್ತಿಕೊಟ್ಟರು. ಮುಂದೆ ಶಾಂತಾಬಾಯಿ ಮಾಡಿದ್ದನ್ನು ಯಾವ ಮೀನುಗಾರನೂ ಮಾಡಿರಲಾರ. ಪ್ರತಿ ದರ್ಜಿಯೂ ದಿನಾ ಮಾಡುತ್ತಾನೆ. ಮಶೀನಿಗೆ ಕೆಳದಾರದ ಬಾಬಿನ್ ಡಬ್ಬಿ ಹಾಕುವ ಮೊದಲು ಅದರ ದಾರದ ತುದಿ ಹಿಡಿದು ಗಾಳಿಯಲ್ಲಿ ತೂಗಬಿಟ್ಟು ಒಮ್ಮೆ ಜಗ್ಗಿ ನೋಡುತ್ತಾರಲ್ಲ, ಹಾಗೆ ಅವರು ಪ್ಲಾಸ್ಟಿಕ್ಕಿನ ರೀಲನ್ನು ದಾರದಿಂದ ತೂಗಬಿಟ್ಟರು. ಅದು ಸರ್ರನೆ ಇಳಿದು ಸೀದಾ ಅವರ ಉಡಿಗೆ ಬಿತ್ತು. "ಇದಕ್ಕ ಲಗಾಮಿಲ್ಲ." ಬಂಗಾರದ್ದನ್ನು ತೂಗಬಿಟ್ಟರು. ಜಗ್ಗಿದರು. ಬಿಗಿ ಹೊಂದಿಸುವ ಗುಂಡಿ ತಿರುವಿ ಸಡಿಲು ಮಾಡಿ ಮತ್ತೆ ಜಗ್ಗಿದರು. ಕದಲಲಿಲ್ಲ. "ಇದಕ್ಕ ಸೊಕ್ಕು."

ಬೂದಿ ಬಣ್ಣದ್ದು ಒಂದು ಗೇಣು ಇಳಿದು ನಿಂತಿತು. ಜಗ್ಗಿದರು, ಮತ್ತೊಂದು ಗೇಣು ಇಳಿದು ನಿಂತಿತು. ಶಾಂತಾಬಾಯಿಯ ಮುಖದಲ್ಲಿ ಹೊಲಿಗೆ ಸರಿ ಕೂತಾಗಿನ ಕಳೆ ಬಂತು.

"ಬಿಡಬೇಕು, ಬಿಟ್ಟು ನಿಂದರಬೇಕು. ಬಿಡಲೇ ಇಲ್ಲಂದ್ರ ದಾರ ಹರೀತದ, ಎಲ್ಲಾ ಬಿಟ್ಟಿತಂದ್ರ ಗಂಟಾಗತದ. ಇದು ಮಾತು ಕೇಳತದ ನೋಡ್ರಿ. ಮ್ಯಾಲ ಹೊಟ್ಟಿನೂ ಅಗಲ ಅದ, ಒಂದ್ ಸುತ್ತಿಗಿ ಮಸ್ತ್ ದಾರ ಒಳಗ ಬರತದ. ಭಾಯಿ, ಹಿಡಿಕಿ ಎಡಕ್ಕ ಬರತದೇನು?"

ಬಂತು. ಖಾಜಾ ಭಾಯಿ ರೀಲಿನ ಹೊಟ್ಟೆ ಬಿಚ್ಚಿ, ಒಳಗಿನ ಒಂದು ಬಿಲ್ಲೆಯನ್ನು ಮಗುಚಿ ಹಾಕಿ ಮುಚ್ಚಿದರು. ಹೊಲಿಗೆ ಮಶೀನಿನ ಎಣ್ಣೆಯದೇ ಒಂದು ಹನಿ ಬಿಟ್ಟರು. ಅಂಗಡಿಯ ತುಂಬ ಆ ವಾಸನೆ. ರೀಲನ್ನು ಮಾಸ್ತರರ ಮುಂದೆ ಇಟ್ಟರು. ಬಂಗಾರದ್ದರ ಅರ್ಧ ಬೆಲೆಯೂ ಇಲ್ಲದ ರೀಲು ಅದು.

ಮಾಸ್ತರರು ಬಲಗೈಯಿಂದ ಅದನ್ನು ತೊಡೆಯ ಮೇಲೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ, "ಎಲ್ಲಾರೂ ಅಕಡಿ ನೋಡ್ರಿ" ಎಂದರು.

ನಾವು ಆ ಕಡೆ ನೋಡಿದೆವು. ಖಾಜಾ ಭಾಯಿ ಮೇಲೆ ತಿರುಗುವ ಪಂಖವನ್ನು ಹೊಸದಾಗಿ ಕಂಡವರಂತೆ ನೋಡಿದರು. ನಾನು ತಾಡಪತ್ರಿಯ ಮೇಲಿನ ಅಕ್ಷರ ಓದಿದೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದೆ. ಶಾಂತಾಬಾಯಿ ಕಣ್ಣು ಮುಚ್ಚಿದ್ದರು. ಶಾಲು ಸರಿದ ಸಪ್ಪಳ. ಆಮೇಲೆ ಏನೂ ಇಲ್ಲ. ರಸ್ತೆಯಲ್ಲಿ ಚಿಟಗುಪ್ಪದ ಬಸ್ಸು ಹಾರ್ನ್ ಹಾಕಿ ಹೋಯಿತು. ಅದು ಹೋದ ಮೇಲೆ ಕೇಳಿಸಿತು: ಟಿಕ್. ತಡೆದು ಇನ್ನೊಂದು, ಟಿಕ್.

"ತಿರುಗತದ" ಎಂದರು ಮಾಸ್ತರರು, ಬೇರೆ ಯಾರದೋ ಕೈ ಬಗ್ಗೆ ಹೇಳುವವರಂತೆ.

ಊರಿಗೆ ಮರಳುವಾಗ ಬಸ್ಸಿನಲ್ಲಿ, ದಾರಿಯ ಊರು ರಾಜೇಶ್ವರ ಬರುವವರೆಗೂ ಅವರು ತೊಡೆಯ ಮೇಲೆ ರೀಲು ಇಟ್ಟುಕೊಂಡು ಟಿಕ್ ಟಿಕ್ ಮಾಡಿದರಂತೆ. ಕಂಡಕ್ಟರ್, "ಅಜ್ಜಾರ, ಗಡಿಯಾರ ಕೆಟ್ಟದೇನ್ರಿ?" ಎಂದು ಕೇಳಿದನಂತೆ. ಮನೆಯಲ್ಲೂ ಅದೇ. ಉಂಡ ಮೇಲೆ ಟಿಕ್ ಟಿಕ್, ಸಿಟ್ಟು ಬಂದರೆ ಟಿಕ್ ಟಿಕ್. ಶಾಂತಾಬಾಯಿಯ ಮಶೀನು, ಮಾಸ್ತರರ ರೀಲು ಎರಡೂ ಪಂಥ ಕಟ್ಟಿದಂತೆ ಓಡುತ್ತವೆ ಎಂದು ಓಣಿಯವರು ನಗುತ್ತಿದ್ದರು. ಮಳೆಗಾಲ ಕಳೆದು ಮೋರಖಂಡಿಯ ಕೆರೆಗೆ ಹೋದ ಮೊದಲ ದಿನ ಮೀನೊಂದು ನೊಣ ಕಚ್ಚಿತು. ಮಾಸ್ತರರು ಎಡಗೈಯಲ್ಲಿ ಆರು ಸುತ್ತು ಸುತ್ತಿದರು. ಏಳನೆಯದಕ್ಕೆ ಬೆರಳು ಜಾರಿತು, ಮೀನು ತಪ್ಪಿಸಿಕೊಂಡಿತು. ಅವರು ನಕ್ಕರು. ಆ ನಗುವಿಗೆ ಕೊಕ್ಕರೆ ಮತ್ತೆ ಹಾರಿದವು. ಮೀನು ತಿನ್ನದ ನಾನು ಒಂದು ಮೀನು ತಪ್ಪಿದ್ದಕ್ಕೆ ಆವತ್ತು ಪಟ್ಟಷ್ಟು ಸಂತೋಷ ಯಾವತ್ತೂ ಪಟ್ಟಿಲ್ಲ.

ಇವತ್ತು ಎದುರಿನ ದರ್ಜಿಯ ಎಣ್ಣೆ ಮೂಗಿಗೆ ಬಡಿದಾಗ ಇದೆಲ್ಲ ಇನ್ನೂ ಹಸಿಯಾಗಿಯೇ ಇತ್ತು, ಏಕೆಂದರೆ ಮೊನ್ನೆ ರವಿವಾರವಷ್ಟೇ ಬಸವಕಲ್ಯಾಣಕ್ಕೆ ಹೋಗಿದ್ದೆ. ಶಾಂತಾಬಾಯಿ ಲಗ್ನದ ಬಟ್ಟೆಯ ಗಡಿಬಿಡಿಯಲ್ಲಿದ್ದರು, ಮಶೀನಿನಿಂದ ಏಳಲಿಲ್ಲ. ಒಳಗೆ ಪಾತ್ರೆಯ ಸಪ್ಪಳವಾಯಿತು. ಸ್ವಲ್ಪ ಹೊತ್ತಿಗೆ ಮಾಸ್ತರರು ಹೊರಗೆ ಬಂದರು. ಬಲಗೈಯಲ್ಲಿ ಒಂದು ಕಪ್ ಚಹಾ, ಎಡಗೈಯಲ್ಲಿ ಒಂದು. ಎಡಗೈಯದು ನಡುಗಿ ನಡುಗಿ ಅರ್ಧ ಚಹಾ ಕೆಳಗಿನ ಬಸಿಗೆ ಇಳಿದಿತ್ತು. ಅದನ್ನೇ ನನ್ನ ಕಡೆ ಚಾಚಿ, "ತಗೋ ದೋಸ್ತ" ಎಂದರು.

ಎಡಗೈಯಿಂದ ಕೊಟ್ಟದ್ದನ್ನು ತೆಗೆದುಕೊಳ್ಳಬಾರದು ಎಂದು ನಮ್ಮ ಅಜ್ಜಿ ಕಲಿಸಿದ್ದಳು. ನಾನು ಎದ್ದು ನಿಂತು ಎರಡೂ ಕೈ ಚಾಚಿ ತೆಗೆದುಕೊಂಡೆ. ಸಕ್ಕರೆ ಹಾಕುವುದನ್ನು ಮರೆತಿದ್ದರು. ಇನ್ನೊಂದು ಕಪ್ ಕೇಳಿ ಕುಡಿದೆ.