ತೋಳದ ಮುಖ ನೋಡಲು ಬ್ಯಾಂಕಾಕಿಗೆ

ಬ್ಯಾಂಕಾಕಿಗೆ ಹೋಗಿ ಬಂದಿದ್ದೇನೆ ಎಂದರೆ ನಮ್ಮ ಕೊಟ್ಟೂರಿನ ಗಂಡಸರು ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ಜೊತೆಗೆ ಹೆಂಡತಿ, ಮಗಳು, ಮಾವ ಇದ್ದರು ಎಂದ ಕೂಡಲೇ ಕುರ್ಚಿ ಮೊದಲಿನ ಜಾಗಕ್ಕೆ ಹೋಗುತ್ತದೆ. ಮುಂದೆ ಯಾರೂ ಏನೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವುದು ನನ್ನ ಸ್ವಭಾವವಾದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ನನ್ನದು ಸಿಮೆಂಟು, ಕಬ್ಬಿಣದ ಅಂಗಡಿ. ಮೊಬೈಲುಗಳಿಗೆ ಇನ್ನೂ ಗುಂಡಿಗಳಿದ್ದ ಕಾಲದಲ್ಲಿ, ಹೆಚ್ಚು ಚೀಲ ಮಾರಿದ ವ್ಯಾಪಾರಿಗಳನ್ನು ಕಂಪನಿಯವರು ವಿದೇಶಕ್ಕೆ ಕರೆದೊಯ್ಯುತ್ತಿದ್ದರು. ನನ್ನ ಪಾಲಿಗೆ ಬ್ಯಾಂಕಾಕ್ ಬಂತು. ಸುದ್ದಿ ಕೇಳಿ ಹೆಂಡತಿ ಮಂಜುಳಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಒಬ್ರ ಹೊಂಟೀರೇನು?”

“ಸಿಮೆಂಟ್ ಮಾರಿದ್ದಕ್ಕ ಕಳಸ್ತಾರ.”

“ಕಳಸ್ಲಿ. ನಾವೂ ಬರ್ತೀವಿ.”

ನಾವು ಎಂದರೆ ಅವಳು, ಹೈಸ್ಕೂಲಿನ ಮಗಳು, ಹೆಚ್ಚಿನ ಭದ್ರತೆಗೆ ನನ್ನ ಮಾವ. ನನ್ನ ಬಹುಮಾನ ಹೀಗೆ ಕುಟುಂಬ ಪ್ರವಾಸವಾಯಿತು.

ಮಾವ ಕಾನಹೊಸಹಳ್ಳಿ ಕಡೆಯ ಕುರಿಗಾರರು. ಆ ವರ್ಷ ಮೊಣಕಾಲು ನೋವಿಗೆ ಸೋತು ಹಿಂಡನ್ನು ಮಗನಿಗೆ ಒಪ್ಪಿಸಿ ಮನೆಯಲ್ಲಿ ಕೂತಿದ್ದರು. ಬ್ಯಾಂಕಾಕ್ ಎಂದರೆ ಒಲ್ಲೆ ಎಂದರು. ಅಲ್ಲೊಂದು ಕಾಡುಪ್ರಾಣಿಗಳ ಪಾರ್ಕು ಇದೆಯೆಂದು ನನ್ನ ಮಗಳು ಕಂಪನಿ ಕಳಿಸಿದ ಹಾಳೆ ಹಿಡಿದು ಹುಲಿ, ಜಿರಾಫೆ, ತೋಳ ಎಂದು ಓದುತ್ತಾ ಹೋದಾಗ ತಲೆ ಎತ್ತಿದರು.

“ತೋಳ ಐತೇನು? ಹಂಗಾರ ಬರ್ತೀನಿ. ಇಷ್ಟು ವರ್ಷ ಆತನ ಬೆನ್ನ ನೋಡೀನಿ, ಮಕ ನೋಡಿಲ್ಲ. ನಾನು ಕೋಲು ಹಿಡಿಯೋದ್ರಾಗ ಮರಿ ಕಚ್ಗೊಂಡು ಓಡ್ತಿರ್ತಾನ. ಇನ್ನ ನಾನೂ ಅಡವಿಗೆ ಹೋಗಾಂಗಿಲ್ಲ. ಒಮ್ಮಿ ಎದುರಾ ಎದುರು ನೋಡಬೇಕು.”

ತೋಳವನ್ನು ಅವರು ಎಂದೂ ‘ಅದು’ ಎಂದವರಲ್ಲ, ‘ಆತ’ ಎಂದೇ ಮರ್ಯಾದೆ. ನಾಯಿಯೂ ತೋಳದ ವಂಶವೇ ಎಂದು ಬಲ್ಲವರು ಹೇಳುತ್ತಾರೆ. ಹಾಗಾದರೆ ಕುರಿರೊಪ್ಪದ ಕಳ್ಳನೂ ಕಾವಲುಗಾರನೂ ದಾಯಾದಿಗಳು. ಅವರಿಬ್ಬರ ನಡುವಿನ ದ್ವೇಷ ನೋಡಿದರೆ ಇದು ನಿಜವೇ ಇರಬೇಕು.

ಪಾರ್ಕಿನಲ್ಲಿ ಕಿಟಕಿಗೆ ಸರಳು ಹಾಕಿದ ಬಸ್ಸಿನಲ್ಲಿ ನಮ್ಮನ್ನು ಕೂಡಿಹಾಕಿ, ಪ್ರಾಣಿಗಳನ್ನು ಹೊರಗೆ ಬಿಟ್ಟಿದ್ದರು. ಸಿಂಹ ಮಲಗಿತ್ತು. “ಹೊಟ್ಟಿ ತುಂಬೈತಿ” ಎಂದರು ಮಾವ. ಬಸ್ಸು ನಿಲ್ಲಿಸಿದಲ್ಲಿ ಜಿರಾಫೆಯೊಂದು ತಲೆ ಬಗ್ಗಿಸಿ ನಮ್ಮ ಕಿಟಕಿಗೆ ಮೂತಿ ತಂದಾಗ ಬಸ್ಸಿನವರೆಲ್ಲ ಕಿರುಚಿದರು. ಮಾವ “ಸರಿಯಪ್ಪ ಆ ಕಡಿ” ಎಂದು ಟವೆಲ್ಲಿನಿಂದ ಅದನ್ನು ಸರಿಸಿ, “ಅಳಿಯಂದ್ರ, ಆತ ಎಲ್ಲದಾನ?” ಎಂದರು.

ಆತ ಕೊನೆಯಲ್ಲಿದ್ದ. ಚಳಿ ದೇಶದ ತೋಳವೆಂದು ಗಾಜಿನ ಕೋಣೆಯಲ್ಲಿ ಎಸಿ ಹಾಕಿ ಇಟ್ಟಿದ್ದರು. ನಮ್ಮ ಹೋಟೆಲಿನ ಎಸಿಗಿಂತ ಅದು ಚೆನ್ನಾಗಿ ಓಡುತ್ತಿತ್ತು. ತೋಳ ನಮಗೆ ಬೆನ್ನು ತಿರುಗಿಸಿ ಮಲಗಿತ್ತು.

ಮಾವ ಹೆಗಲ ಮೇಲಿನ ಕಂಬಳಿ ಹಾಸಿ ಗಾಜಿನ ಮುಂದೆ ಕೂತರು. ನಮ್ಮ ಗೈಡು ಬಾವುಟ ಅಲ್ಲಾಡಿಸಿದ. “ಅಪ್ಪಾ, ಬಸ್ ಹೋಗ್ತೈತಿ” ಎಂದಳು ಮಂಜುಳಾ. “ಹೋಗ್ಲಿ” ಎಂದರು. ಆಮೇಲೆ ತಾಯಿ ತಪ್ಪಿಸಿಕೊಂಡ ಕುರಿಮರಿಯ ಹಾಗೆ ‘ಮ್ಯಾ’ ಎಂದು ಕೂಗಿದರು. ಎಂಥ ಕೂಗು! ಸುತ್ತಲಿದ್ದ ಜನ ಕ್ಯಾಮೆರಾ ತೆಗೆದರು. ನನ್ನ ಮಗಳು ಬೇರೆ ಯಾವುದೋ ಕುಟುಂಬದ ಪಕ್ಕಕ್ಕೆ ಹೋಗಿ ನಿಂತಳು. ತೋಳದ ಕಿವಿ ಕೂಡ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಪಾರ್ಕಿನ ಕೆಲಸದವನೊಬ್ಬ ಗಾಜಿನ ಪಕ್ಕದ ಸಣ್ಣ ಬಾಗಿಲು ತೆರೆದು, ಹೆಚ್ಚಿದ ಮಾಂಸದ ತಟ್ಟೆಯನ್ನು ಒಳಗೆ ತಳ್ಳಿದ. ತೋಳ ಎದ್ದು ತಿರುಗಿತು. ಮಾವನೂ ಎದ್ದರು. ಇಬ್ಬರೂ ಎದುರಾ ಎದುರು. ಬ್ಯಾಂಕಿನ ಗುಮಾಸ್ತರು ಸರದಿಯಲ್ಲಿ ನಿಂತವರನ್ನು ನೋಡುವಂತೆ ಅದು ಮಾವನನ್ನು ಒಮ್ಮೆ ನೋಡಿತು, ತಿಂದಿತು, ಮತ್ತೆ ಮಲಗಿತು. ನಾನು ಫೋಟೋ ತೆಗೆದೆ.

ಬಸ್ಸಿನಲ್ಲಿ “ಹೆಂಗಿತ್ತು ಮಾವ?” ಎಂದೆ.

“ಆತ ಅಲ್ಲ ಅದು” ಎಂದರು. “ನನ್ನ ನೋಡಿದ್ರ ಅದಕ್ಕ ಅಂಜಿಕಿಲ್ಲ. ಅದನ್ನ ನೋಡಿದ್ರ ನಂಗೂ ಸಿಟ್ಟು ಬರ್ಲಿಲ್ಲ.”

ಉಳಿದ ದಿನಗಳಲ್ಲಿ ಅವರು ಸಮುದ್ರ ನೋಡಲಿಲ್ಲ, ಅಂಗಡಿ ನೋಡಲಿಲ್ಲ, ನನ್ನ ಕಾವಲನ್ನೂ ಮರೆತರು. ಸಿಕ್ಕ ಸ್ವಾತಂತ್ರ್ಯವನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಅಷ್ಟು ದೂರ ಕರೆತಂದು ಅವರ ವೈರಿಯನ್ನೇ ಕಸಿದುಕೊಂಡೆನಲ್ಲ ಎಂದು ನಿಜಕ್ಕೂ ಕೆಡುಕೆನಿಸಿತು.

ವಾಪಸು ಬಂದು ಮಾವನನ್ನು ಅವರ ಊರಿಗೆ ಬಿಡಲು ಹೋದಾಗ ಕುರಿರೊಪ್ಪದ ಮುಂದೆ ನನ್ನ ಭಾಮೈದ ತಲೆ ತಗ್ಗಿಸಿ ನಿಂತಿದ್ದ. “ಅಪ್ಪಾ, ನಿನ್ನಿ ಹೊತ್ತು ಮುಳುಗೋ ಮುಂದ ತೋಳ ಬಂದು ಮರಿ ಒಯ್ತು.”

ಮಾವ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟರು. “ಮಕ ಕಂಡ್ತೇನಲೇ?”

“ಎಲ್ಲೀ ಮಕ? ಬೆನ್ನ ಕಂಡಿದ್ದು.”

“ಆತ ಅದಾನ ಹಂಗಾರ!” ಎಂದವರೇ, ನಾಯಿ ಏನು ಮಾಡುತ್ತಿತ್ತು, ನೀನು ಎತ್ತ ನೋಡುತ್ತಿದ್ದೆ ಎಂದು ಮಗನನ್ನು ಬಾಯಿಗೆ ಬಂದಂತೆ ಬೈಯತೊಡಗಿದರು. ಬೈಯುತ್ತಲೇ ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು, ಮೊಣಕಾಲನ್ನು ಒಂದು ಮಾತೂ ಕೇಳದೆ, ಗುಡ್ಡದ ಕಡೆ ನಡೆದರು. ಅಷ್ಟು ಖುಷಿಯಾಗಿ ಅವರನ್ನು ಬ್ಯಾಂಕಾಕಿನಲ್ಲಿ ನಾನು ಒಂದು ಸಲವೂ ನೋಡಿರಲಿಲ್ಲ.

ಮಾವನೂ ತೋಳವೂ ಎದುರಾ ಎದುರು ನಿಂತ ಆ ಫೋಟೋಗೆ ಕಟ್ಟು ಹಾಕಿಸಿ ನಮ್ಮ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಬಂದವರು ಇದೇನು, ತೋಳವೇ ಎಂದು ಕೇಳುತ್ತಾರೆ. ಮಾವ ಇದ್ದರೆ ಉತ್ತರ ಅವರದೇ.

“ಯಾವ್ದೋ ಸಾಕಿದ ನಾಯಿ ಐತ್ರಿ.”