ಚಿಕ್ಕದರಲ್ಲಿ ಹೋಯ್ತು ಅನ್ನೋ ಸಮಾಧಾನ

ಪೆಟ್ಟು ಮಾಡಿಕೊಂಡವರನ್ನು ನೋಡೋದಕ್ಕೆ ಹೋಗಿ ಅವರ ಮನೆಯಲ್ಲೇ ಜಗಳ ಆಡಿ ಬರೋ ಚಾಳಿ ನನಗಿದೆ. ಹೋಗುವಾಗ ಕೈಯಲ್ಲಿ ಬ್ರೆಡ್ಡು, ಮೂಸಂಬಿ ಎಲ್ಲ ಇರುತ್ತೆ. ಮುಖದಲ್ಲಿ ನಿಜವಾದ ಸಂಕಟಾನೂ ಇರುತ್ತೆ. ಆದರೆ ಕೂತು ನೀರು ಕುಡಿಯೋದರೊಳಗೆ ಯಾರಾದರೂ ಒಬ್ಬರು ಆ ಮಾತು ಆಡಿಬಿಡ್ತಾರೆ: "ಏನೋಪ್ಪ, ದೊಡ್ಡದರಲ್ಲಿ ಹೋಗೋದು ಚಿಕ್ಕದರಲ್ಲಿ ಹೋಯ್ತು ಬಿಡಿ." ಅಲ್ಲಿಗೆ ನನಗೆ ಪಿತ್ತ ನೆತ್ತಿಗೇರುತ್ತೆ. ನಮ್ಮ ನೆಂಟರಲ್ಲಿ ನನಗೆ ಫೈರ್ ಎಂಜಿನ್ ಅಂತ ಹೆಸರು. ಬೆಂಕಿ ಆರಿಸ್ತೀನಿ ಅಂತಲ್ಲ, ಎಲ್ಲ ಮುಗಿದ ಮೇಲೆ ಗಂಟೆ ಬಾರಿಸ್ತಾ ಬರ್ತೀನಿ ಅಂತ.

ಆ ಮಾತಿನಲ್ಲಿ ಎಷ್ಟು ಅನುಕೂಲ ಇದೆ ಅಂತ ನೀವೇ ಯೋಚನೆ ಮಾಡಿ. ಯಾವುದೋ ದೊಡ್ಡ ಗಂಡಾಂತರ ನಮ್ಮ ಮನೆ ಹುಡುಕ್ಕೊಂಡು ಹೊರಟಿತ್ತಂತೆ. ಮನೆದೇವರು ದಾರಿಯಲ್ಲಿ ಅಡ್ಡ ನಿಂತು ಅದನ್ನು ಸಣ್ಣದು ಮಾಡಿ ಕಳಿಸಿದನಂತೆ. ಇಷ್ಟಾದ ಮೇಲೆ ಬಚ್ಚಲಲ್ಲಿ ಪಾಚಿ ಯಾಕೆ ಕಟ್ಟಿತ್ತು, ಗ್ಯಾಸಿನ ಟ್ಯೂಬು ಸೀಳು ಬಿಟ್ಟು ಎಷ್ಟು ಕಾಲ ಆಗಿತ್ತು ಅಂತ ಯಾರೂ ಕೇಳೋ ಹಾಗಿಲ್ಲ. ಕೇಳಿದರೆ ದೇವರ ಲೆಕ್ಕಾಚಾರದಲ್ಲಿ ತಪ್ಪು ಹುಡುಕಿದ ಹಾಗಾಗುತ್ತೆ. ತಪ್ಪಿಲ್ಲದವರು ರಿಪೇರಿಯನ್ನಾದರೂ ಯಾಕೆ ಮಾಡಿಸ್ತಾರೆ?

ಶಿವಮೊಗ್ಗದ ನಮ್ಮ ಬೀದಿಯಲ್ಲೇ ಒಬ್ಬರು ಟಾಯ್ಲೆಟ್ ತೊಳೆಯೋ ಆಸಿಡ್ಡನ್ನು ಖಾಲಿ ಜ್ಯೂಸ್ ಬಾಟಲಿಗೆ ತುಂಬಿ ಅಡುಗೆಕಟ್ಟೆ ಕೆಳಗೆ ಇಡ್ತಾರೆ. ಗ್ಯಾಸ್ ವಾಸನೆ ಬಂತು ಅಂದರೆ ಕಡ್ಡಿ ಗೀರಿ, ಎಲ್ಲಿಂದ ಬರ್ತಿದೆ ಅಂತ ಬಗ್ಗಿ ನೋಡೋ ಶೂರರೂ ಇದ್ದಾರೆ. ದೇವರ ಮನೆ ಅಂತ ಪ್ಲೈವುಡ್ಡಿನ ಗೂಡು ಮಾಡಿಸಿ, ಅದಕ್ಕೆ ನೈಲಾನ್ ಪರದೆ ಬಿಟ್ಟು, ಒಳಗೆ ದೀಪ ಹಚ್ಚಿ, ಬಾಗಿಲಿಗೆ ಬೀಗ ಹಾಕಿಕೊಂಡು ಮದುವೆಗೆ ಹೋಗ್ತಾರೆ. ಇವರೆಲ್ಲ ಇವತ್ತಿಗೂ ಚೆನ್ನಾಗಿದ್ದಾರೆ. ತೊಂದರೆ ಆಗಿರೋದೇ ಅದರಿಂದ. ಏನೂ ಆಗದೆ ಕಳೆದ ಒಂದೊಂದು ದಿನವೂ ಅವರಿಗೆ ಒಂದೊಂದು ಸರ್ಟಿಫಿಕೇಟು.

ಬೇರೆಯವರ ಮಾತು ಹಾಗಿರಲಿ. ನನಗೆ ಮೈ ಉರಿಯೋ ಹಾಗೆ ಮಾಡಿದವರು ನನ್ನ ಭಾವ, ಭದ್ರಾವತಿಯಲ್ಲಿರೋ ಅಕ್ಕನ ಗಂಡ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಕೆಲಸದಲ್ಲಿದ್ದಾಗ ಹೆಲ್ಮೆಟ್ ಹಾಕದ ಕೂಲಿಯವನನ್ನು ಗೇಟಿನಿಂದಲೇ ವಾಪಸ್ ಕಳಿಸ್ತಿದ್ದರು. ಸುರಕ್ಷತಾ ಸಪ್ತಾಹದ ಭಾಷಣ ಸ್ಪರ್ಧೆಯಲ್ಲಿ ಅವರಿಗೆ ಗೋಡೆ ಗಡಿಯಾರ ಬಹುಮಾನ ಬಂದಿತ್ತು, ಅದು ಹಾಲಿನಲ್ಲೇ ನೇತಾಡ್ತಿದೆ. ಇಂಥ ಮನುಷ್ಯ ಕಾರ್ಖಾನೆಯ ಗೇಟು ದಾಟಿ ಮನೆಗೆ ಬಂದ ಕೂಡಲೇ ಹೆಲ್ಮೆಟ್ಟಿನ ಜೊತೆ ಬುದ್ಧಿಯನ್ನೂ ಬಿಚ್ಚಿ ಮೊಳೆಗೆ ನೇತುಹಾಕ್ತಿದ್ದರು. ಅಲ್ಲಿ ಕರೆಂಟು ಅಂದರೆ ಅಪಾಯ, ಮನೆಯಲ್ಲಿ ಅದೇ ಕರೆಂಟು ಮನೆಯ ಸೊಸೆ ಇದ್ದ ಹಾಗೆ, ಹೇಳಿದ್ದು ಕೇಳಿಕೊಂಡು ಬಿದ್ದಿರಬೇಕು.

ಅವರ ಬಚ್ಚಲಲ್ಲಿ ನೀರು ಕಾಯಿಸೋ ಕಾಯಿಲ್ ಒಂದಿತ್ತು. ಬಕೆಟ್ಟಿಗೆ ಇಳಿಬಿಡೋದು, ನಿಮಗೂ ಗೊತ್ತಿರುತ್ತೆ. ಅದರ ಪ್ಲಗ್ಗು ಯಾವ ಕಾಲದಲ್ಲಿ ಒಡೆದು ಹೋಗಿತ್ತೋ. ಭಾವ ವೈರಿನ ಎರಡು ತುದಿ ಸುಲಿದು, ಸಾಕೆಟ್ಟಿನ ತೂತಿಗೆ ತುರುಕಿ, ಅಲ್ಲಾಡದೇ ಇರಲಿ ಅಂತ ಬೆಂಕಿಕಡ್ಡಿ ಸಿಗಿಸಿದ್ದರು. ಆಯುಧಪೂಜೆ ದಿನ ಆ ಕಾಯಿಲ್ಲಿಗೂ ವಿಭೂತಿ, ಕುಂಕುಮ, ಒಂದು ಸೇವಂತಿಗೆ ಹೂವು. ಭದ್ರಾವತಿಯ ಕಾರ್ಮಿಕರು ಆಯುಧಪೂಜೆ ಮಾಡೋ ಅಚ್ಚುಕಟ್ಟನ್ನು ನೀವು ನೋಡಬೇಕು. ಸ್ಪ್ಯಾನರ್ರಿನಿಂದ ಹಿಡಿದು ಸ್ಕೂಟರ್ರಿನ ತನಕ ಒಂದನ್ನೂ ಬಿಡೋದಿಲ್ಲ. ಭಾವ ಅಂತೂ ಆ ಬೆಂಕಿಕಡ್ಡಿಗಳಿಗೂ ಅರಿಶಿನ ಹಚ್ಚಿದ್ದನ್ನು ನಾನೇ ಕಂಡಿದ್ದೀನಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ವಿದ್ಯುತ್ ವಾಹಕ, ಅವಾಹಕ ಅಂತ ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದವಳು. "ಭಾವ, ಒಂದು ಪ್ಲಗ್ ಹಾಕಿಸಿ" ಅಂದರೆ, "ಎಲೆಕ್ಟ್ರಿಷಿಯನ್ನುಗಳು ಎಲ್ಲಿ ಸಿಗ್ತಾರೆ ಮಾರಾಯ್ತಿ, ಎಲ್ಲ ಫುಲ್ ಬಿಜಿ" ಅನ್ನೋರು.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಕ್ಕ ಭಾವನ ಸ್ನಾನಕ್ಕೆ ನೀರಿಟ್ಟಳು. ನೀರು ಕಾದಿದೆಯಾ ಅಂತ ನಮ್ಮ ಹೆಂಗಸರು ಹೇಗೆ ನೋಡ್ತಾರೆ? ಬೆರಳು ಅದ್ದಿ ನೋಡ್ತಾರೆ. ಮೊದಲು ಸ್ವಿಚ್ ಆರಿಸಬೇಕು ಅನ್ನೋದು ಆಮೇಲೆ ನೆನಪಾಗುತ್ತೆ. ಅಕ್ಕ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬೆರಳು ಅದ್ದಿದಳು. ಕರೆಂಟು ಅವಳನ್ನು ಝಾಡಿಸಿ ಹಿಂದಕ್ಕೆ ಎಸೆಯಿತು. ಬಿದ್ದ ಏಟಿಗೆ ಬಲಗೈ ಮಣಿಕಟ್ಟು ಮುರಿಯಿತು. ಎಸೆಯದೆ ಹಿಡ್ಕೊಂಡುಬಿಟ್ಟಿದ್ದರೆ ನಾನು ಮೂಸಂಬಿ ಬದಲು ಹೂವಿನ ಹಾರ ತಗೊಂಡು ಹೋಗಬೇಕಾಗಿತ್ತು.

ಸುದ್ದಿ ಕೇಳಿ ಮಾರನೇ ದಿನ ಭದ್ರಾವತಿ ಬಸ್ಸು ಹತ್ತಿದೆ. ಹಾಲಿನ ತುಂಬ ಜನ. ಅಕ್ಕ ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ಬಂದವರಿಗೆ ಕಾಫಿ ಕೊಡೋಕೆ ಆಗ್ತಿಲ್ಲವಲ್ಲ ಅಂತ ಒದ್ದಾಡ್ತಿದ್ದಳು. ಪಕ್ಕದ ಮನೆಯ ಸೆಲ್ವಿಯಮ್ಮ ತಮಿಳು ಬೆರೆಸಿದ ಕನ್ನಡದಲ್ಲಿ ಚಿಕ್ಕದರಲ್ಲಿ ಹೋಯ್ತು ಅನ್ನೋ ಆ ಮಾತು ಹೇಳಿದರು. ಎದುರುಮನೆಯವರು ಅಪ್ಪಟ ಕನ್ನಡದಲ್ಲಿ ಅದನ್ನೇ ಹೇಳಿದರು. ಕೊನೆಗೆ ಸ್ವತಃ ಭಾವನೂ ಹೇಳಿದರು. ಎಲ್ಲರೂ ಸೇರಿ ಮನೆಗೆ ದೃಷ್ಟಿ ಆಗಿದೆ ಅಂತ ತೀರ್ಮಾನಿಸಿದ್ದರು. ಭಾವ ಏಣಿ ಹಾಕಿ, ಡ್ರಿಲ್ಲಿಂಗ್ ಮಷೀನು ತರಿಸಿ, ಬಾಗಿಲ ಮೇಲೆ ಕೊಕ್ಕೆ ಬಿಗಿದು, ಸರಪಳಿಯಲ್ಲಿ ಒಂದು ಬೂದುಗುಂಬಳಕಾಯಿ ತೂಗುಬಿಟ್ಟಿದ್ದರು. ಭದ್ರವಾಗಿ ಕಟ್ಟಿದ್ದರು, ಅದರಲ್ಲಿ ಎರಡು ಮಾತಿಲ್ಲ.

ಬಚ್ಚಲಿಗೆ ಹೋಗಿ ನೋಡ್ತೀನಿ, ಅದೇ ಕಾಯಿಲ್ಲು. ಅದೇ ವೈರು. ಬೆಂಕಿಕಡ್ಡಿ ಮಾತ್ರ ಹೊಸದು.

"ಅಕ್ಕ, ಇವತ್ತು ಬೆಳಿಗ್ಗೆ ಭಾವನಿಗೆ ನೀರು ಯಾರು ಇಟ್ಟಿದ್ದು?"

"ನಾನೇ ಕಣೇ. ಎಡಗೈ ಇದೆಯಲ್ಲ" ಅಂದಳು ಅಕ್ಕ. ಒಂದು ಕೈ ಉಳಿದಿರೋದೇ ದೊಡ್ಡ ಪುಣ್ಯ ಅನ್ನೋ ಹಾಗೆ.

ನನಗೆ ಏನಾಯ್ತೋ. ಭಾವನ ಟೂಲ್ ಬಾಕ್ಸಿನಿಂದ ಕಟಿಂಗ್ ಪ್ಲೇಯರ್ ತಂದೆ. ಮೇಷ್ಟರ ಬುದ್ಧಿ ನೋಡಿ, ಅಷ್ಟು ಸಿಟ್ಟಿನಲ್ಲೂ ಮೊದಲು ಸ್ವಿಚ್ ಆರಿಸಿ, ಮೆಯಿನ್ನೂ ಆರಿಸಿ, ಆಮೇಲೆ ವೈರು ಎಳೆದೆ. ಹಾಲಿಗೆ ಬಂದು ಎಲ್ಲರೆದುರು ಅದನ್ನು ತುಂಡು ತುಂಡು ಕತ್ತರಿಸಿದೆ. ಸೆಲ್ವಿಯಮ್ಮ ತಮ್ಮ ಬಾಳೆಹಣ್ಣಿನ ಚೀಲ ಹಿಡ್ಕೊಂಡು ಎದ್ದರು.

"ಏನು ಮಾರಾಯ್ತಿ ಇದು, ಚೆನ್ನಾಗಿರೋ ವೈರು" ಅಂದರು ಭಾವ.

"ನಮ್ಮಕ್ಕನೂ ಚೆನ್ನಾಗೇ ಇದ್ದಳು" ಅಂದೆ.

ಬಂದವರೆಲ್ಲ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ನಾನು ಅಲ್ಲೇ ಉಳಿದೆ. ಅಡುಗೆ ನಾನೇ ಮಾಡಿದೆ. ಸಿಟ್ಟಿದ್ದ ದಿನ ನನ್ನ ಸಾರು ಚೆನ್ನಾಗಾಗುತ್ತೆ, ಭಾವ ಎರಡು ಸಲ ಹಾಕಿಸಿಕೊಂಡರು. ಬೆಳಿಗ್ಗೆ ಎದ್ದು ನನಗೂ ಅಕ್ಕನಿಗೂ ಗ್ಯಾಸಿನ ಮೇಲೆ ನೀರು ಕಾಯಿಸಿದೆ, ಭಾವನಿಗೆ ಕಾಯಿಸಲಿಲ್ಲ. ಗ್ಯಾಸ್ ಇದೆ, ಪಾತ್ರೆ ಇದೆ, ಅವರಿಗೆ ಎರಡು ಕೈಯೂ ನೆಟ್ಟಗಿವೆ. ಅವರು ಬಕೆಟ್ಟು ನೋಡಿದರು, ನನ್ನನ್ನು ನೋಡಿದರು, ಅಭ್ಯಾಸಬಲದಿಂದ ಅಕ್ಕನನ್ನೂ ನೋಡಿದರು. ಅಕ್ಕ ಏಳೋದಕ್ಕೆ ಹೊರಟಳು. ನಾನು ಅವಳ ಭುಜ ಒತ್ತಿ ಕೂರಿಸಿದೆ. ಭಾವ ಜನಿವಾರ ಸರಿಮಾಡಿಕೊಂಡು ಬಚ್ಚಲಿಗೆ ಹೋದರು. ಒಳಗಿನಿಂದ ತಣ್ಣೀರು ಸುರಿದುಕೊಳ್ಳೋ ಸದ್ದಿನ ಜೊತೆ ಮಂತ್ರದಂಥ ಏನೋ ಕೇಳಿಸಿತು. ಅದು ಮಂತ್ರ ಆಗಿರಲಿಲ್ಲ.

ಹೊರಗೆ ಬಂದವರೇ ತಲೆ ಒರೆಸಿಕೊಳ್ಳದೆ ಸ್ಕೂಟರ್ ಹತ್ತಿದರು. ನಾವು ತಿಂಡಿ ತಿಂದು ಮುಗಿಸೋದರೊಳಗೆ ವಾಪಸ್ ಬಂದರು. ಹಿಂದಿನ ಸೀಟಿನಲ್ಲಿ ಒಬ್ಬ ಎಲೆಕ್ಟ್ರಿಷಿಯನ್. ಅವನ ತೊಡೆ ಮೇಲೆ ಗೀಸರಿನ ಡಬ್ಬ. ಫುಲ್ ಬಿಜಿ ಇದ್ದವರ ಪೈಕಿ ಇವನೊಬ್ಬ ಹೇಗೆ ಬಿಡುವಾಗಿ ಸಿಕ್ಕಿದನೋ ನಾನು ಕೇಳಲಿಲ್ಲ. ನಾಲಿಗೆ ತುದಿಗೆ ಬಂದಿದ್ದನ್ನು ಇಡ್ಲಿ ಜೊತೆ ನುಂಗಿದೆ. ಅವನು ಹಳೆ ಸಾಕೆಟ್ ಕಿತ್ತ, ಅರ್ತಿಂಗ್ ವೈರು ಎಳೆದ, ಕರೆಂಟು ಸೋರಿದ ಕೂಡಲೇ ತಾನಾಗೇ ಆರಿಹೋಗೋ ಸ್ವಿಚ್ಚು ಕೂರಿಸಿದ.

ಅಕ್ಕ ಬಚ್ಚಲ ಬಾಗಿಲಲ್ಲಿ ನಿಂತು ಎಲ್ಲ ನೋಡ್ತಿದ್ದಳು. ಅವನು ಕೈ ಒರೆಸಿಕೊಳ್ಳುವಾಗ ಕೇಳಿದಳು: "ಇಷ್ಟೇನಾಪ್ಪ ಕೆಲಸ?"

"ಇಷ್ಟೇ ಅಮ್ಮ. ಗೀಸರ್ ಇದೆ ಅಂತ ಇಷ್ಟು ಹೊತ್ತಾಯ್ತು. ಬರೀ ಪ್ಲಗ್ ಆಗಿದ್ರೆ ಹತ್ತು ನಿಮಿಷ."

ಅಕ್ಕ ತನ್ನ ಪ್ಲಾಸ್ಟರಿನ ಕೈ ನೋಡಿಕೊಂಡಳು. ಆಮೇಲೆ ಭಾವನ ಕಡೆ ತಿರುಗಿದಳು. ಮದುವೆಯಾದಾಗಿನಿಂದ ಅವರೆದುರು ದನಿ ಎತ್ತಿದವಳಲ್ಲ, ಆಗಲೂ ಎತ್ತಲಿಲ್ಲ. "ಹತ್ತು ನಿಮಿಷದ್ದು ರೀ" ಅಂದಳು, ಅಷ್ಟೇ. ಹೋಗಿ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಭಾವ ಕಾಫಿ ಕೇಳಿದರೂ ಏಳಲಿಲ್ಲ, ಊಟ ಕೇಳಿದರೂ ಏಳಲಿಲ್ಲ. ನಾನು ವೈರು ಕತ್ತರಿಸಿದ್ದಕ್ಕೆ ಅಲ್ಲಾಡದ ಮನುಷ್ಯ, ಆ ಬೆನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಹೊತ್ತು ಕಳೆದ ಮೇಲೆ ಅಡುಗೆಮನೆಗೆ ಬಂದು, "ಕಾಫಿಪುಡಿ ಎಲ್ಲಿಡ್ತಾಳೆ?" ಅಂತ ನನ್ನನ್ನು ಮೆಲ್ಲಗೆ ಕೇಳಿದರು. ಡಬ್ಬ ತೋರಿಸಿದೆ. ಇಬ್ಬರಿಗೆ ಕಾಫಿ ಮಾಡಿದರು, ಅದರಲ್ಲಿ ನನಗೆ ಪಾಲಿರಲಿಲ್ಲ.

ಆ ಮನೆಯಲ್ಲಿ ಸಿಟ್ಟು ಮಾಡೋ ಕೆಲಸ ಇಷ್ಟು ವರ್ಷ ನನ್ನ ತಲೆ ಮೇಲಿತ್ತು. ಅದಕ್ಕೆ ಸರಿಯಾದ ಹಕ್ಕುದಾರಳು ಬಂದ ಮೇಲೆ ನನಗಲ್ಲಿ ಏನು ಕೆಲಸ? ಬ್ಯಾಗು ಎತ್ತಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ.