ಅರ್ಧಕ್ಕೆ ನಿಂತ ಕೋಳಿ ಅಂಕ

“ಕಡಬಕ್ಕೆ ಹೋಗುದು ಹೇಗೆ?” ಸಿನಿಮಾ ರೀಲಿನ ಪೆಟ್ಟಿಗೆ ಹೊತ್ತು ಬೆಳ್ಳಾರೆಯಲ್ಲಿ ದಾರಿ ತಪ್ಪಿದ ನಾನು ಜೀಪಿನ ಡ್ರೈವರನನ್ನು ಕೇಳಿದೆ. ಅವನ ಕಣ್ಣು ಪೆಟ್ಟಿಗೆಯ ಮೇಲಿದ್ದ ನಮ್ಮ ವಿತರಕರ ಲಾಂಛನದ ಮೇಲೆ ಬಿತ್ತು: ಕಾದಾಡುವ ಎರಡು ಕೋಳಿ. ಪ್ರತಿ ಸಿನಿಮಾದ ಮೊದಲಿಗೆ ಪರದೆಯಲ್ಲಿ ಅವು ಮೇಲೆ ಹಾರುವಷ್ಟರಲ್ಲಿ ಚಿತ್ರ ನಿಂತು ಕಂಪೆನಿಯ ಹೆಸರು ಬರುತ್ತಿತ್ತು. ಹೆಸರನ್ನು ಯಾರೂ ಓದುತ್ತಿರಲಿಲ್ಲ.

“ಗೆದ್ದದ್ದು ಯಾವುದು ಮಾರಾಯ್ರೆ, ಕಪ್ಪಾ ಬಿಳಿಯಾ? ಅದು ಹೇಳಿ, ಮತ್ತೆ ದಾರಿ.”

ಸಿನಿಮಾ ಆಟದ ಹೊತ್ತಿಗೆ ಕಡಬದ ಟಾಕೀಸಿಗೆ ಪೆಟ್ಟಿಗೆ ಮುಟ್ಟದಿದ್ದರೆ ನನ್ನ ಕೆಲಸ ಹೋಗುತ್ತಿತ್ತು. “ಬಿಳಿ,” ಎಂದುಬಿಟ್ಟೆ.

“ಸಾಧ್ಯವೇ ಇಲ್ಲ! ಸೋತರೆ ಒಂದು ಕೋಳಿ ಕೊಡ್ತೀರಾ?”

ಒಪ್ಪಿದೆ. ಅವನೇ ಜೀಪಿನಲ್ಲಿ ಕಡಬಕ್ಕೆ ಮುಟ್ಟಿಸಿದ.

ಮರಳಿ ಬಂದು, ಗೆದ್ದದ್ದು ಯಾವುದೆಂದು ನಮ್ಮ ವಿತರಕ ಯಜಮಾನರನ್ನು ಕೇಳಿದೆ. “ಶೂಟಿಂಗಿನಲ್ಲಿ ಬಿಳಿಯದು ಓಡಿಹೋಯ್ತಮ್ಮ. ಅದಕ್ಕೇ ಚಿತ್ರ ಅಲ್ಲಿಗೇ ನಿಲ್ಲಿಸಿದ್ದು.”

ಮುಂದಿನ ಸಲ ಹೋದಾಗ ಶೂಟಿಂಗಿನಲ್ಲಿ ನಡೆದದ್ದು ಹೇಳಿ ಡ್ರೈವರನಿಗೆ ಕೋಳಿ ಕೊಟ್ಟೆ. ತಿರುಗಿಸಿ ನೋಡಿದ. “ಬಿಳಿಯದ್ದೇ ತಂದದ್ದಾ? ಕಾಲು ಕಟ್ಟಿದ್ದು ಒಳ್ಳೇದಾಯ್ತು.”